ಅಳತೆ ಸರಿಯಿದ್ದ ಮಾತ್ರಕ್ಕೆ ಅದು ವಿಮಾನದ ಬಿಡಿಭಾಗವಾಗುತ್ತದೆಯೇ?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಹೆಚ್ಚಾಗಿ ಪಂಪು ಮತ್ತು ಆಟೊಮೊಬೈಲ್ ಕಂಪನಿಗಳ ಜಾಬ್ ವರ್ಕ್ ಮಾಡುತ್ತೇವೆ. ಇತ್ತೀಚೆಗೆ ಬಿಡಿಭಾಗಗಳ ವ್ಯಾಪಾರಿಯೊಬ್ಬರು ಒಂದು ಉಕ್ಕಿನ ಬೋಲ್ಟ್ ಮತ್ತು ಅದರ ಬುಷ್ (ಬೋಲ್ಟ್ ಕೂರುವ ಕೊಳವೆಯಂಥ ತುಂಡು) ತಂದು, ವಿಮಾನದ ಕೆಲಸಕ್ಕೆ ಇಂಥವೇ ಬೇಕು, ಮಾಡಿಕೊಡಿ ಎಂದರು. ಡ್ರಾಯಿಂಗ್ ಕೊಡಲಿಲ್ಲ. ಬೋಲ್ಟಿನ ತಲೆಯ ಮೇಲಿರುವ ಗುರುತನ್ನೂ ಹಾಗೆಯೇ ಒತ್ತಬೇಕು, ಸರ್ಟಿಫಿಕೇಟ್ ವಿಷಯ ನಾವು ನೋಡಿಕೊಳ್ಳುತ್ತೇವೆ ಎಂದಿದ್ದಾರೆ. ದರ ಚೆನ್ನಾಗಿದೆ. ವಿಮಾನ ನಿರ್ವಹಣೆಯ ಕೋರ್ಸ್ ಓದುತ್ತಿರುವ ನನ್ನ ಮಗಳು ಇದನ್ನು ಮುಟ್ಟಲೇಬೇಡಿ ಎನ್ನುತ್ತಾಳೆ. ಅದೇ ಲೋಹದಲ್ಲಿ, ಅದೇ ಅಳತೆಯಲ್ಲಿ, ಮೈಕ್ರಾನ್ ತಪ್ಪದಂತೆ ಮಾಡಿಕೊಟ್ಟರೆ ತಪ್ಪೇನು? ಈ ಪ್ರಮಾಣಪತ್ರಗಳೆಲ್ಲ ದೊಡ್ಡ ಕಂಪನಿಗಳು ತಮ್ಮ ಬೆಲೆ ಕಾಯ್ದುಕೊಳ್ಳಲು ಮಾಡಿಕೊಂಡ ಏರ್ಪಾಡಲ್ಲವೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಈ ಕೆಲಸವನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಆದರೆ ಕಾನೂನು ಬಿಡುವುದಿಲ್ಲ ಎಂಬ ಒಂದೇ ಮಾತಿನಲ್ಲಿ ನಿಮ್ಮ ಪ್ರಶ್ನೆಯನ್ನು ಮುಗಿಸಿಬಿಡುವುದು ನಿಮ್ಮಂಥ ನುರಿತ ಕೆಲಸಗಾರರಿಗೆ ತೋರುವ ಗೌರವವಲ್ಲ. ನಿಮ್ಮ ಕೈಚಳಕದ ಬಗ್ಗೆ ನನಗೆ ಸಂಶಯವಿಲ್ಲ. ಪೀಣ್ಯದ ಅನೇಕ ವರ್ಕ್‌ಶಾಪ್‌ಗಳು ಮಾಡುವ ಕೆಲಸದ ನಿಖರತೆಯನ್ನು ನಾನು ಬಲ್ಲೆ. ಪ್ರಶ್ನೆಯಿರುವುದು ಕೈಚಳಕದಲ್ಲಿ ಅಲ್ಲ, ಅಳತೆಗೆ ಸಿಗದ ಗುಣಗಳಲ್ಲಿ.

ನಿಮ್ಮ ಮುಂದಿರುವ ಬೋಲ್ಟನ್ನೇ ತೆಗೆದುಕೊಳ್ಳೋಣ. ಮೈಕ್ರೋಮೀಟರ್ ಅದರ ವ್ಯಾಸವನ್ನು ಹೇಳುತ್ತದೆ, ಥ್ರೆಡ್ ಗೇಜ್ ಅದರ ಮರೆಯನ್ನು, ಎಂದರೆ ಥ್ರೆಡ್ಡನ್ನು, ಪರೀಕ್ಷಿಸುತ್ತದೆ, ಗಡಸುತನ ಅಳೆಯುವ ಯಂತ್ರ ಮೇಲ್ಮೈಯ ಗಡಸುತನವನ್ನು ತಿಳಿಸುತ್ತದೆ, ಸ್ಪೆಕ್ಟ್ರೋಮೀಟರ್‌ಗೆ ಒಡ್ಡಿದರೆ ಉಕ್ಕಿನಲ್ಲಿ ಯಾವ ಧಾತು ಎಷ್ಟು ಪಾಲು ಇದೆ ಎಂಬುದೂ ಗೊತ್ತಾಗುತ್ತದೆ. ಇಷ್ಟರಲ್ಲಿ ಎಲ್ಲವೂ ತಾಳೆಯಾದರೂ ಆ ಬೋಲ್ಟ್ ವಿಮಾನಕ್ಕೆ ಯೋಗ್ಯವಾಗಿಲ್ಲದಿರಬಹುದು. ಅಧಿಕ ಬಲದ ವಿಮಾನ ಬೋಲ್ಟುಗಳ ತಲೆಯನ್ನು ಸಾಮಾನ್ಯವಾಗಿ ಬಾರಿನಿಂದ, ಎಂದರೆ ಉಕ್ಕಿನ ಸರಳಿನಿಂದ, ಕಡೆದು ತೆಗೆಯುವುದಿಲ್ಲ, ಒತ್ತಿ ರೂಪಿಸುತ್ತಾರೆ. ಹಾಗೆ ಮಾಡಿದಾಗ ಲೋಹದ ಎಳೆಗಳು ತಲೆಯ ತಿರುವಿನಲ್ಲಿ ಕತ್ತರಿಸಿ ಹೋಗದೆ ಬಾಗಿಕೊಂಡು ಸಾಗುತ್ತವೆ. ಮರೆಯನ್ನೂ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಗಡುಸುಗೊಳಿಸುವುದು) ಮುಗಿದ ಮೇಲೆ ರೋಲಿಂಗ್ ಮಾಡಿ ಒತ್ತುತ್ತಾರೆ. ಇದರಿಂದ ಮರೆಯ ಬುಡದಲ್ಲಿ ಲೋಹ ಒಳಮುಖವಾಗಿ ಬಿಗಿದುಕೊಂಡಿರುತ್ತದೆ, ಬಿರುಕು ಹುಟ್ಟುವುದಕ್ಕೆ ಆ ಬಿಗಿತವೇ ಅಡ್ಡಿಯಾಗುತ್ತದೆ. ಲೇತಿನಲ್ಲಿ ಕತ್ತರಿಸಿ ತೆಗೆದ ಮರೆ ಅದೇ ಗೇಜಿಗೆ ಅಷ್ಟೇ ಚೆನ್ನಾಗಿ ಕೂರುತ್ತದೆ, ಕಣ್ಣಿಗೆ ಇನ್ನೂ ನುಣುಪಾಗಿಯೇ ಕಾಣಬಹುದು. ಆದರೆ ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕಾಗ ಅದರ ಆಯುಷ್ಯ ಬಹಳ ಕಡಿಮೆ.

ಪ್ಲೇಟಿಂಗ್ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ತುಕ್ಕು ಹಿಡಿಯದಂತೆ ಇಂಥ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಕೊಡುವುದು ರೂಢಿ. ಆ ಪ್ರಕ್ರಿಯೆಯಲ್ಲಿ, ಅದಕ್ಕೂ ಮೊದಲು ಆಮ್ಲದಲ್ಲಿ ಶುಚಿ ಮಾಡುವಾಗ, ಜಲಜನಕ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಉಕ್ಕು ಗಡುಸಾದಷ್ಟೂ ಇದರ ಅಪಾಯ ಹೆಚ್ಚು. ಹಾಗಾಗಿ ಪ್ಲೇಟಿಂಗ್ ಮುಗಿದ ಕೆಲವೇ ಗಂಟೆಗಳೊಳಗೆ, ಸಾಮಾನ್ಯವಾಗಿ 4 ಗಂಟೆ ಮೀರದಂತೆ, ಬೋಲ್ಟುಗಳನ್ನು ಒಲೆಗೆ ಹಾಕಿ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಗಂಟೆಗಳಷ್ಟು ದೀರ್ಘ ಕಾಲ ಇಡುವ ಕ್ರಮ ಬಳಕೆಯಲ್ಲಿದೆ. ಒಲೆಯ ಬಾಡಿಗೆ, ವಿದ್ಯುತ್ ಬಿಲ್ಲು ಎರಡನ್ನೂ ಉಳಿಸಲು ಯಾರಾದರೂ ಈ ಹಂತವನ್ನು ಬಿಟ್ಟರೆ, ಸಿದ್ಧವಾದ ಬೋಲ್ಟಿನಲ್ಲಿ ಕಣ್ಣಿಗೆ, ಗೇಜಿಗೆ, ಗಡಸುತನದ ಯಂತ್ರಕ್ಕೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಬಿಗಿದು ಕೂರಿಸಿದ ದಿನವೂ ಅದು ಮುರಿಯುವುದಿಲ್ಲ. ತಾನು ಹೊರಬೇಕಾದ ಭಾರಕ್ಕಿಂತ ಕಡಿಮೆ ಭಾರದಲ್ಲೇ, ಗಂಟೆಗಳೋ ದಿನಗಳೋ ಕಳೆದ ಮೇಲೆ, ಬಾಗದೆ, ಹಿಗ್ಗದೆ, ಮುನ್ಸೂಚನೆ ಕೊಡದೆ ತುಂಡಾಗುತ್ತದೆ.

ಈ ಕಾರಣಕ್ಕಾಗಿಯೇ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ವೆಲ್ಡಿಂಗ್ ಮೊದಲಾದವುಗಳನ್ನು ವಿಮಾನೋದ್ಯಮ ವಿಶೇಷ ಪ್ರಕ್ರಿಯೆಗಳೆಂದು ಬೇರೆಯಾಗಿಯೇ ಪರಿಗಣಿಸುತ್ತದೆ. ಮಾಡಿ ಮುಗಿಸಿದ ವಸ್ತುವನ್ನು ಎಷ್ಟೇ ಪರೀಕ್ಷಿಸಿದರೂ ಅದನ್ನು ಮಾಡಿದ ಬಗೆ ಸರಿಯಿತ್ತೇ ಎಂಬುದು ಪೂರ್ತಿ ತಿಳಿಯುವುದಿಲ್ಲ. ಮುರಿದು ನೋಡಿದರೆ ತಿಳಿಯಬಹುದು, ಆದರೆ ಮುರಿದದ್ದನ್ನು ವಿಮಾನಕ್ಕೆ ಹಾಕಲಾಗದು. ಆದ್ದರಿಂದ ಉಳಿದಿರುವ ದಾರಿ ಒಂದೇ: ಆ ಒಲೆಯ ಉಷ್ಣಾಂಶವನ್ನು ಯಾರು ಪರಿಶೀಲಿಸಿದರು, ಆ ಬಾರ್ ಯಾವ ಸಲ ಕರಗಿಸಿದ ಉಕ್ಕಿನಿಂದ ಬಂದದ್ದು, ಅದೇ ಬ್ಯಾಚಿನ ಎಷ್ಟು ಬೋಲ್ಟುಗಳನ್ನು ಮುರಿದು ಪರೀಕ್ಷಿಸಲಾಯಿತು ಎಂಬ ದಾಖಲೆಯನ್ನು ಹೆಜ್ಜೆ ಹೆಜ್ಜೆಗೂ ಇಟ್ಟು, ಹಾಗೆ ಇಡುವ ಸಂಸ್ಥೆಯನ್ನು ಸ್ವತಂತ್ರವಾದ ಪ್ರಾಧಿಕಾರವೊಂದು ಆಗಾಗ ಬಂದು ತಪಾಸಣೆ ಮಾಡುವುದು. ನೀವು ಬೆಲೆಯ ಏರ್ಪಾಡು ಎಂದು ಶಂಕಿಸಿದ ಪ್ರಮಾಣಪತ್ರ ಈ ಇಡೀ ಸರಪಳಿಯ ಕೊನೆಯ ಕೊಂಡಿ. ನಿವೇಶನ ಕೊಳ್ಳುವಾಗ ನೆಲ ಚೆನ್ನಾಗಿದೆ, ಅಳತೆ ಸರಿಯಾಗಿ ಮೂವತ್ತು ನಲವತ್ತು ಇದೆ ಎಂದು ಬೆಂಗಳೂರಿನಲ್ಲಿ ಯಾರೂ ಹಣ ಕೊಟ್ಟುಬಿಡುವುದಿಲ್ಲ. ಮೂಲಪತ್ರದಿಂದ ಹಿಡಿದು ಋಣಭಾರ ಪತ್ರದವರೆಗೆ ಒಂದೂ ಕೊಂಡಿ ತಪ್ಪದಂತೆ ನೋಡುತ್ತಾರೆ. ವಿಮಾನದ ಭಾಗದ ಹಿನ್ನೆಲೆಯನ್ನೂ ಹಾಗೆಯೇ ಅದರ ಹುಟ್ಟಿನವರೆಗೆ ಹಿಂಬಾಲಿಸಬೇಕಾಗುತ್ತದೆ.

ಇವೆಲ್ಲ ಪುಸ್ತಕದ ಭಯವಲ್ಲ. 1989ರ ಸೆಪ್ಟೆಂಬರ್ 8ರಂದು ನಾರ್ವೆಯ ಪಾರ್ಟ್‌ನೇರ್ ಸಂಸ್ಥೆಯ ಕಾನ್ವೇರ್ 580 ವಿಮಾನ ಓಸ್ಲೋದಿಂದ ಜರ್ಮನಿಯ ಹ್ಯಾಂಬರ್ಗ್‌ಗೆ ಹೊರಟಿತ್ತು. ಹಡಗು ಕಂಪನಿಯೊಂದರ ಸಿಬ್ಬಂದಿ ಹೊಸ ಹಡಗಿನ ಸಮಾರಂಭಕ್ಕೆಂದು ಅದರಲ್ಲಿ ಪ್ರಯಾಣಿಸುತ್ತಿದ್ದರು. ಡೆನ್ಮಾರ್ಕಿನ ಉತ್ತರಕ್ಕಿರುವ ಸಮುದ್ರದ ಮೇಲೆ ಹಾರುವಾಗ ವಿಮಾನದ ಬಾಲದ ಭಾಗ ಬಿಡಿಸಿಕೊಂಡು, ಒಳಗಿದ್ದ 55 ಜನರೂ ಸತ್ತರು. ಸ್ಫೋಟವಿರಬಹುದೆಂಬ ಊಹೆಯೂ ಆಗ ಹಬ್ಬಿತ್ತು. ಸಮುದ್ರದ ತಳದಿಂದ ಅವಶೇಷಗಳನ್ನು ಮೇಲೆತ್ತಿ ಜೋಡಿಸಿ ನೋಡಿದ ತನಿಖಾಧಿಕಾರಿಗಳಿಗೆ ಸಿಕ್ಕಿದ ಕಾರಣ ಬೇರೆ: ಬಾಲದ ಲಂಬ ರೆಕ್ಕೆಯನ್ನು ವಿಮಾನದ ಮೈಗೆ ಹಿಡಿದಿಟ್ಟಿದ್ದ ಬೋಲ್ಟು, ಪಿನ್ನು, ಸ್ಲೀವ್‌ಗಳಲ್ಲಿ (ಕೊಳವೆಯಂಥ ಹೊದಿಕೆಗಳು) ಅಸಲಿಯಲ್ಲದವು ಇದ್ದವು, ಅವುಗಳಿಗೆ ಬೇಕಾದ ಗಡಸುತನ ಇರಲಿಲ್ಲ, ಅವು ಅಳತೆಗೆ ಮೀರಿ ಸವೆದಿದ್ದವು. ವಿಮಾನದ ಹಿಂಭಾಗದಲ್ಲಿದ್ದ ಸಹಾಯಕ ವಿದ್ಯುತ್ ಘಟಕದ ಆಸರೆ ಸಡಿಲಗೊಂಡು ಅದರ ಕಂಪನವೂ ಸೇರಿಕೊಂಡಿತ್ತು. ಸರಿಯಾದ ಬೋಲ್ಟುಗಳು ಬಿಗಿಯಾಗಿ ಕೂತಿದ್ದರೆ ಆ ಬಾಲ ತಡೆದುಕೊಳ್ಳಬಹುದಾಗಿದ್ದ ಅಲುಗಾಟವನ್ನು ಸವೆದ ಜೋಡಣೆ ತಡೆಯಲಿಲ್ಲ. ಗಮನಿಸಿ, ಅದು ಹಿಂದಿನ ದಿನವೂ ಹಾರಿದ್ದ ವಿಮಾನವೇ. ಕೂರಿಸಿದ ದಿನ ಆ ಬೋಲ್ಟುಗಳು ಯಾರ ಕಣ್ಣಿಗೂ ತಪ್ಪಾಗಿ ಕಂಡಿರಲಾರವು.

ನಾನು ಮಾಡುವುದು ಬಾಲದ ಬೋಲ್ಟ್ ಅಲ್ಲದೆ ಬೇರೆಲ್ಲೋ ಕೂರುವ ಸಾಮಾನ್ಯ ಬುಷ್ ಆಗಿದ್ದರೆ ಎಂದು ನೀವು ಕೇಳಬಹುದು. ಡ್ರಾಯಿಂಗ್ ಇಲ್ಲದೆ ಅದು ಎಲ್ಲಿ ಕೂರುತ್ತದೆಂದು ನಿಮಗೆ ತಿಳಿಯುವುದು ಹೇಗೆ? 2000ನೇ ಇಸವಿಯ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಕಾಂಕಾರ್ಡ್ ವಿಮಾನ ಉರಿದು ಬಿದ್ದು 113 ಜನ ಸತ್ತದ್ದು ನಿಮಗೆ ನೆನಪಿರಬಹುದು. ಅದರ ಟೈರನ್ನು ಸೀಳಿದ್ದು ಸ್ವಲ್ಪ ಹೊತ್ತಿಗೆ ಮುಂಚೆ ಅದೇ ರನ್‌ವೇಯಿಂದ ಮೇಲೇರಿದ್ದ ಬೇರೊಂದು ವಿಮಾನದ ಎಂಜಿನ್ ಕವಚದಿಂದ ಉದುರಿದ, ಒಂದೂವರೆ ಅಡಿಗೂ ಕಡಿಮೆ ಉದ್ದದ ಲೋಹದ ಪಟ್ಟಿ. ಆ ಪಟ್ಟಿಯನ್ನು ತಯಾರಕರು ನಿಗದಿಪಡಿಸಿದ ವಿಧಾನದಂತೆ ಮಾಡಿಯೂ ಇರಲಿಲ್ಲ, ಕೂರಿಸಿಯೂ ಇರಲಿಲ್ಲ ಎಂದು ಫ್ರಾನ್ಸಿನ ತನಿಖಾ ಸಂಸ್ಥೆ ದಾಖಲಿಸಿತು. ಅದು ನಕಲಿ ಮಾರುಕಟ್ಟೆಯ ವಸ್ತುವೇನೂ ಅಲ್ಲ. ಪಟ್ಟಿಯನ್ನು ಕೂರಿಸಿದ್ದ ವಿಮಾನಕ್ಕೆ ಏನೂ ಆಗಲಿಲ್ಲ, ಹಿಂದೆ ಬಂದ ವಿಮಾನ ಹೋಯಿತು. ಯಾವ ಭಾಗ ಮುಖ್ಯ, ಯಾವುದು ಅಲ್ಲ ಎಂಬ ತೀರ್ಮಾನ ವಿನ್ಯಾಸ ಮಾಡಿದವರಿಗೆ ಸೇರಿದ್ದು; ವ್ಯಾಪಾರಿಗೂ ಇಲ್ಲ, ಲೇತಿನ ಮುಂದೆ ನಿಂತವರಿಗೂ ಇಲ್ಲ.

ಸ್ಯಾಂಪಲ್ ನೋಡಿ ಮಾಡುವುದರಲ್ಲಿ ಇನ್ನೊಂದು ತೊಡಕಿದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಅಳೆಯುವುದು ಆ ಒಂದು ತುಂಡಿನ ಅಳತೆಯನ್ನು. ಅದರ ಮೇಲ್ಮಿತಿ ಕೆಳಮಿತಿ ಯಾವುದು, ಈ ತುಂಡು ಎಷ್ಟು ಸವೆದಿದೆ, ಬುಷ್ ಎಷ್ಟು ಬಿಗಿಯಾಗಿ ಕೂರಬೇಕು ಎಂಬುದನ್ನು ಸ್ಯಾಂಪಲ್ ಹೇಳುವುದಿಲ್ಲ. ಆ ಸ್ಯಾಂಪಲ್ಲೇ ಇನ್ನೊಬ್ಬರು ಮಾಡಿದ ನಕಲು ಆಗಿದ್ದರೆ ನೀವು ಮೈಕ್ರಾನ್ ತಪ್ಪದಂತೆ ಮಾಡುವುದು ಆ ತಪ್ಪನ್ನೇ.

ಈಗ ಕಾಗದದ ವಿಷಯಕ್ಕೆ ಬರೋಣ, ಏಕೆಂದರೆ ವ್ಯಾಪಾರಿ ಹೇಳಿದ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಸರ್ಟಿಫಿಕೇಟ್ ತಾವು ನೋಡಿಕೊಳ್ಳುತ್ತೇವೆ ಎಂಬುದು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂದರೆ ಡಿಜಿಸಿಎ, ಅನುಮೋದಿಸಿದ ಸಂಸ್ಥೆಗಳು ಸಿಎ ಫಾರ್ಮ್ 1 ಎಂಬ ಬಿಡುಗಡೆ ಪ್ರಮಾಣಪತ್ರವನ್ನು ಕೊಡುತ್ತವೆ. ಯುರೋಪಿನಲ್ಲಿ ಅದಕ್ಕೆ ಇಎಎಸ್‌ಎ ಫಾರ್ಮ್ 1, ಅಮೆರಿಕದಲ್ಲಿ ಎಫ್‌ಎಎ 8130-3 ಎಂಬ ಪತ್ರಗಳಿವೆ. ಭಾಗದ ಸಂಖ್ಯೆ, ಸೀರಿಯಲ್ ಅಥವಾ ಬ್ಯಾಚ್ ಸಂಖ್ಯೆ, ಅದು ಹೊಸದೋ ರಿಪೇರಿಯಾದದ್ದೋ ಓವರ್‌ಹಾಲ್ ಆದದ್ದೋ ಎಂಬ ಸ್ಥಿತಿ, ಸಂಸ್ಥೆಯ ಅನುಮೋದನಾ ಸಂಖ್ಯೆ, ಅಧಿಕಾರ ಪಡೆದವರ ಸಹಿ, ಇಷ್ಟೂ ಅದರಲ್ಲಿರಬೇಕು. ಹ್ಯಾಂಗರಿನ ಸ್ಟೋರ್ಸ್‌ನಲ್ಲಿ ಭಾಗವನ್ನು ಒಳಗೆ ತೆಗೆದುಕೊಳ್ಳುವಾಗ ಈ ಪತ್ರವನ್ನೇ ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಭಾಗ ಬದಲಿಸಿ, ಬೆಳಗಿನ ಮೊದಲ ವಿಮಾನವನ್ನು ಬಿಡಲು ಸಹಿ ಹಾಕುವ ಎಂಜಿನಿಯರ್ ಉಕ್ಕಿನ ಒಳಗನ್ನು ನೋಡಲಾರರು. ಆ ಪತ್ರವನ್ನು ನಂಬಿ ತಮ್ಮ ಲೈಸೆನ್ಸನ್ನು ಪಣಕ್ಕಿಡುತ್ತಾರೆ. ನಾಳೆ ನಿಮ್ಮ ಮಗಳು ಆ ಸ್ಥಾನದಲ್ಲಿ ಇರುತ್ತಾಳೆ.

ಆ ನಂಬಿಕೆಗೆ ಎಷ್ಟು ದೊಡ್ಡ ಪೆಟ್ಟು ಬೀಳಬಹುದೆಂಬುದು 2023ರಲ್ಲಿ ಗೊತ್ತಾಯಿತು. ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ವಿತರಕ ಕಂಪನಿ ಸಿಎಫ್‌ಎಂ 56 ಎಂಜಿನ್ನಿನ ಬಿಡಿಭಾಗಗಳನ್ನು ಸುಳ್ಳು ಪ್ರಮಾಣಪತ್ರಗಳೊಂದಿಗೆ ಮಾರುತ್ತಿತ್ತು. ಬೋಯಿಂಗ್ 737ರ ಅನೇಕ ಮಾದರಿಗಳಲ್ಲೂ ಏರ್‌ಬಸ್ ಎ320 ಸರಣಿಯಲ್ಲೂ ಬಳಕೆಯಲ್ಲಿರುವ, ಪ್ರಪಂಚದಲ್ಲೇ ಅತಿ ಹೆಚ್ಚು ಹಾರಾಡುವ ಎಂಜಿನ್‌ಗಳಲ್ಲಿ ಒಂದು ಅದು. ಪೋರ್ಚುಗಲ್ಲಿನ ಟ್ಯಾಪ್ ವಿಮಾನ ಸಂಸ್ಥೆಯ ನಿರ್ವಹಣಾ ವಿಭಾಗದವರಿಗೆ ಒಂದು ಭಾಗದ ಪತ್ರದ ಮೇಲೆ ಸಂಶಯ ಬಂದು, ಎಂಜಿನ್ ತಯಾರಕರಲ್ಲಿ ಒಬ್ಬರಾದ ಫ್ರಾನ್ಸಿನ ಸಫ್ರಾನ್ ಕಂಪನಿಯನ್ನು ಕೇಳಿದಾಗ, ಆ ಪತ್ರ ತಮ್ಮದಲ್ಲವೆಂದು ಅವರು ತಿಳಿಸಿದರು. ಅಲ್ಲಿಂದ ಎಳೆ ಬಿಚ್ಚಿಕೊಂಡಿತು. ಎಂಜಿನ್ ತಯಾರಿಸುವ ಸಿಎಫ್‌ಎಂ ಕಂಪನಿ ಅದೇ ವರ್ಷ ತಿಳಿಸಿದಂತೆ 126 ಎಂಜಿನ್‌ಗಳಲ್ಲಿ ಆ ಭಾಗಗಳು ಸೇರಿಕೊಂಡಿದ್ದವು, ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳೂ ತಮ್ಮ ಎಂಜಿನ್‌ಗಳಲ್ಲಿ ಅವನ್ನು ಕಂಡುಕೊಂಡವು. ಒಂದು ನಿರ್ವಹಣಾ ವಿಭಾಗ ಒಂದು ಹಾಳೆಯ ಮೇಲೆ ಸಂಶಯಪಟ್ಟು ತಯಾರಕರನ್ನು ಕೇಳಿದ್ದು ಈ ಜಾಲ ಬಯಲಾಗಲು ಸಾಕಾಯಿತು ಎಂಬುದನ್ನು ನಿಮ್ಮ ಮಗಳಿಗೆ ತಪ್ಪದೆ ಹೇಳಿ.

ಆ ಭಾಗಗಳಲ್ಲಿ ಕೆಲವು ನಿಜವಾಗಿಯೂ ಒಳ್ಳೆಯವೇ ಆಗಿದ್ದಿರಬಹುದು. ಆದರೂ ಎಂಜಿನ್‌ಗಳನ್ನು ಕೆಳಗಿಳಿಸಿ, ಬಿಚ್ಚಿ, ಅವನ್ನು ತೆಗೆಯಲೇಬೇಕಾಯಿತು. ಹೊರಗಿನವರಿಗೆ ಇದು ಅತಿರೇಕವೆಂದು ತೋರುತ್ತದೆ. ಎಂಜಿನ್ನಿನೊಳಗೆ ತಿರುಗುವ ಡಿಸ್ಕ್‌ಗಳಂಥ ಭಾಗಗಳಿಗೆ ಇಷ್ಟೇ ಹಾರಾಟ ಎಂಬ ಮಿತಿ ಇರುತ್ತದೆ. ಅನೇಕ ಡಿಸ್ಕ್‌ಗಳ ಮಿತಿ 20,000ದ ಆಸುಪಾಸಿನಲ್ಲಿದೆ. 19,000 ಹಾರಾಟ ಮುಗಿಸಿದ ಡಿಸ್ಕ್‌ಗೂ 9,000 ಮುಗಿಸಿದ ಡಿಸ್ಕ್‌ಗೂ ನೋಟದಲ್ಲಿ ಭೇದವಿಲ್ಲ. ದಾಖಲೆಯಲ್ಲಿ ಒಂದು ಅಂಕಿ ತಿದ್ದಿದರೆ, ಆಯುಷ್ಯ ಮುಗಿದ ಭಾಗ ಮತ್ತೆ ಹರೆಯದ್ದಾಗಿ ಮಾರುಕಟ್ಟೆಗೆ ಬರುತ್ತದೆ. ಗುಜರಿಗೆ ಹಾಕುವ ಭಾಗಗಳನ್ನು ಮತ್ತೆ ಬಳಸಲಾಗದಂತೆ ಕತ್ತರಿಸಿಯೇ ಹಾಕಬೇಕೆಂಬ ಕಟ್ಟಳೆ ಬಂದಿರುವುದು ಇದೇ ಕಾರಣಕ್ಕೆ. 1995ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಕಾಲಿ ನಗರದ ಬಳಿ ಅಮೆರಿಕನ್ ಏರ್‌ಲೈನ್ಸ್ ವಿಮಾನ ಬೆಟ್ಟಕ್ಕೆ ಬಡಿದು ಬಿದ್ದಾಗ, ಅದರ ಅವಶೇಷಗಳಿಂದಲೇ ಭಾಗಗಳನ್ನು ಕಳ್ಳರು ಹೊತ್ತೊಯ್ದು, ಆ ಸಂಸ್ಥೆ ಕಳುವಾದ ಭಾಗಗಳ ಪಟ್ಟಿಯನ್ನು ಹೊರಡಿಸಬೇಕಾಗಿ ಬಂದಿತ್ತು. ಸಾವಿನ ಜಾಗದಿಂದ ಹೆಕ್ಕಿದ ಲೋಹಕ್ಕೂ ಗಿರಾಕಿ ಸಿಗುವ ವ್ಯಾಪಾರ ಇದು.

ನಿಮ್ಮ ಆಕ್ಷೇಪದ ಇನ್ನೊಂದು ಪಾಲಿಗೂ ಉತ್ತರಿಸಬೇಕು. ಮೂಲ ತಯಾರಕರ ಬೆಲೆ ವಿಪರೀತ ಎಂಬ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪೈಪೋಟಿ ಇಲ್ಲದ ಕಡೆ ಬೆಲೆ ಏರುವುದು ಎಲ್ಲ ವ್ಯಾಪಾರದಲ್ಲೂ ಇದ್ದದ್ದೇ. ಆದರೆ ಕಾನೂನು ದೊಡ್ಡ ಕಂಪನಿಗೆ ಮಾತ್ರ ಬಾಗಿಲು ತೆರೆದಿಟ್ಟಿಲ್ಲ. ಅಮೆರಿಕದಲ್ಲಿ ಪಿಎಂಎ ಎಂಬ ಅನುಮೋದನೆ ಇದೆ: ಮೂಲ ತಯಾರಕರಲ್ಲದ ಕಂಪನಿಯೂ ತನ್ನ ಭಾಗ ಮೂಲಕ್ಕೆ ಸಮಾನವೆಂದು ಪರೀಕ್ಷೆ ಮತ್ತು ಲೆಕ್ಕಾಚಾರಗಳಿಂದ ಪ್ರಾಧಿಕಾರದ ಮುಂದೆ ಸಾಧಿಸಿ ತೋರಿಸಿದರೆ, ತನ್ನದೇ ಹೆಸರಿನಲ್ಲಿ ಮಾಡಿ ಮಾರಬಹುದು. ವಿಮಾನ ಸಂಸ್ಥೆಗಳು ಅಂಥ ಭಾಗಗಳನ್ನು ಕೊಳ್ಳುತ್ತಲೂ ಇವೆ. ನಿಮ್ಮ ವ್ಯಾಪಾರಿ ಕೇಳುತ್ತಿರುವುದು ಇದರ ಪೂರ್ತಿ ವಿರುದ್ಧ. ನಿಮ್ಮ ಹೆಸರು ಎಲ್ಲೂ ಇರಬಾರದು, ಬೋಲ್ಟಿನ ತಲೆಯ ಮೇಲೆ ಇನ್ನೊಬ್ಬರ ಗುರುತು ಇರಬೇಕು. ಆ ಗುರುತು ಒತ್ತಿದ ಕ್ಷಣಕ್ಕೆ ನಿಮ್ಮ ಒಳ್ಳೆಯ ಕೆಲಸವೂ ವಂಚನೆಯ ಭಾಗವಾಗುತ್ತದೆ.

ಕಾನೂನಿನ ಮಾತು ಚಿಕ್ಕದು. 1934ರ ವಿಮಾನ ಕಾಯಿದೆಯ ಬದಲಿಗೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ವಿಮಾನದ ತಯಾರಿಕೆ, ನಿರ್ವಹಣೆಗಳೆರಡೂ ಅದರ ವ್ಯಾಪ್ತಿಗೆ ಬರುತ್ತವೆ. ಸುಳ್ಳು ದಾಖಲೆ ಸೃಷ್ಟಿ, ಸುಳ್ಳು ಗುರುತು ಒತ್ತುವುದು ಇವಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆಯೇ ಶಿಕ್ಷೆಗಳಿವೆ. ಅಮೆರಿಕದ ಕಾನೂನಿನಲ್ಲಂತೂ ವಂಚನೆಯ ಭಾಗ ವಿಫಲವಾಗಿ ಸಾವು ಸಂಭವಿಸಿದರೆ ಜೀವಾವಧಿ ಶಿಕ್ಷೆಗೂ ಅವಕಾಶವಿದೆ.

ವಿಮಾನದ ಕೆಲಸ ಮಾಡಬೇಕೆಂಬ ಆಸೆ ನಿಮಗೆ ನಿಜವಾಗಿ ಇದ್ದರೆ, ಈ ಊರಿಗಿಂತ ಒಳ್ಳೆಯ ಜಾಗ ದೇಶದಲ್ಲಿ ಸಿಗುವುದು ಕಷ್ಟ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾದಂದಿನಿಂದ ಇಲ್ಲಿ ವಿಮಾನದ ಕೆಲಸ ಬಲ್ಲ ಕೈಗಳಿವೆ. ಅದರಿಂದ ಬೆಳೆದ ಎಚ್‌ಎಎಲ್, ವೈಮಾನಿಕ ಸಂಶೋಧನೆಯ ಎನ್‌ಎಎಲ್ ಇಲ್ಲೇ ಇವೆ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲ್ಯಾಕ್ ಮಾರತಹಳ್ಳಿಯಲ್ಲಿದೆ. ನಿಮ್ಮ ಪೀಣ್ಯದಲ್ಲೇ ಬೆಳೆದ ಡೈನಮ್ಯಾಟಿಕ್ ಕಂಪನಿ ಏರ್‌ಬಸ್ ಎ320 ವಿಮಾನದ ರೆಕ್ಕೆಗೆ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು (ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳನ್ನು ಹೊರುವ ತೊಲೆಗಳು) ಮಾಡಿಕೊಡುತ್ತದೆ. ಮೊದಲ ಹೆಜ್ಜೆಯಾಗಿ ವಿಮಾನೋದ್ಯಮದ ಎಎಸ್ 9100 ಗುಣಮಟ್ಟ ವ್ಯವಸ್ಥೆಯನ್ನು ನಿಮ್ಮ ವರ್ಕ್‌ಶಾಪಿನಲ್ಲಿ ತನ್ನಿ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಶಿಸ್ತು: ಯಾವ ಬಾರ್ ಯಾವ ಜಾಬಿಗೆ ಹೋಯಿತು, ಯಾವ ಗೇಜನ್ನು ಯಾವಾಗ ಪರೀಕ್ಷಿಸಿದಿರಿ, ತಿರಸ್ಕರಿಸಿದ ತುಂಡುಗಳು ಎಲ್ಲಿ ಹೋದವು ಎಂಬುದನ್ನು ತಪ್ಪದೆ ಬರೆದಿಡುವುದು. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್‌ಗಳನ್ನು ನೀವೇ ಮಾಡಬೇಕಾಗಿಲ್ಲ, ಇಂಥ ವಿಶೇಷ ಪ್ರಕ್ರಿಯೆಗಳಿಗೆ ಕೊಡುವ ನ್ಯಾಡ್‌ಕ್ಯಾಪ್ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕಳುಹಿಸಬಹುದು. ಆಮೇಲೆ, ಅನುಮೋದನೆ ಪಡೆದ ತಯಾರಕರೊಬ್ಬರ ಪೂರೈಕೆದಾರರಾಗಿ, ಅವರ ಡ್ರಾಯಿಂಗಿನ ಮೇಲೆ, ಅವರ ತಪಾಸಣೆಯಡಿ ಕೆಲಸ ಆರಂಭಿಸಿ. ಎರಡು ಮೂರು ವರ್ಷ ಲಾಭ ತೆಳುವಾಗಿಯೇ ಇರಬಹುದು. ಮೊದಲ ಜಾಬ್ ಬರುವುದಕ್ಕೂ ಕಾಯಬೇಕಾಗುತ್ತದೆ. ಆದರೆ ಒಮ್ಮೆ ಆ ಪಟ್ಟಿಯಲ್ಲಿ ಸೇರಿದವರನ್ನು ತಯಾರಕರು ಸುಲಭಕ್ಕೆ ಬದಲಾಯಿಸುವುದಿಲ್ಲ, ಏಕೆಂದರೆ ಹೊಸಬರನ್ನು ಮತ್ತೆ ಪರೀಕ್ಷಿಸಿ ಒಪ್ಪಿಕೊಳ್ಳುವುದು ಅವರಿಗೂ ಅಷ್ಟೇ ದೀರ್ಘವಾದ ಕೆಲಸ.

ಸದ್ಯಕ್ಕೆ ವ್ಯಾಪಾರಿಗೆ ಬಾಯಿಮಾತಿನಲ್ಲಿ ಇಲ್ಲವೆಂದು ಹೇಳಿ ಸುಮ್ಮನಾಗಬೇಡಿ. ಡ್ರಾಯಿಂಗ್, ಖರೀದಿ ಆದೇಶ, ವಸ್ತುವಿನ ನಿರ್ದಿಷ್ಟತೆ ಮತ್ತು ಅಂತಿಮ ಬಳಕೆದಾರರ ಹೆಸರು ಇಲ್ಲದೆ ವಿಮಾನದ ಕೆಲಸ ಒಪ್ಪಿಕೊಳ್ಳುವುದಿಲ್ಲವೆಂದು ಒಂದು ಇಮೇಲ್ ಬರೆದು, ಪ್ರತಿಯನ್ನು ಇಟ್ಟುಕೊಳ್ಳಿ. ಅವರು ಬಿಟ್ಟುಹೋಗಿರುವ ಬೋಲ್ಟು ಮತ್ತು ಬುಷ್‌ಗಳ ಫೋಟೊವನ್ನು ತಲೆಯ ಗುರುತು ಸ್ಪಷ್ಟವಾಗಿ ಕಾಣುವಂತೆ ತೆಗೆಯಿರಿ. ಯಾವ ದಿನ, ಯಾರು ತಂದರು, ಏನೆಂದರು ಎಂಬುದನ್ನು ಬರೆದಿಡಿ. ಇದನ್ನೆಲ್ಲ ಡಿಜಿಸಿಎಯ ಬೆಂಗಳೂರು ಕಚೇರಿಯ ಹಾರಾಟ ಯೋಗ್ಯತೆ ವಿಭಾಗಕ್ಕೆ ಕಳುಹಿಸಿಕೊಡಿ. ಅನುಮೋದನೆ ಇಲ್ಲದ ಭಾಗಗಳ ಬಗ್ಗೆ ಸಂಶಯ ಬಂದಾಗ ತಿಳಿಸುವುದು ಈ ಕ್ಷೇತ್ರದಲ್ಲಿ ಅನೇಕ ದೇಶಗಳಲ್ಲಿ ನಡೆದುಬಂದಿರುವ ಕ್ರಮ. ಅದಕ್ಕೆ ನಿಮ್ಮ ಬಳಿ ಪೂರ್ತಿ ಪುರಾವೆ ಇರಬೇಕೆಂದೇನೂ ಇಲ್ಲ. ನೀವು ನಿರಾಕರಿಸಿದ ಸ್ಯಾಂಪಲ್ ನಾಳೆ ಇನ್ನೊಂದು ರಸ್ತೆಯ ವರ್ಕ್‌ಶಾಪಿಗೆ ಹೋಗುತ್ತದೆ. ಅಲ್ಲಿಯವರು ನಿಮ್ಮ ಹಾಗೆ ಯಾರನ್ನೂ ಕೇಳದೆ ಮಾಡಿಕೊಟ್ಟುಬಿಡಬಹುದು. ಆದ್ದರಿಂದ ಡಿಜಿಸಿಎಗೆ ಪತ್ರವನ್ನು ಈ ವಾರವೇ ಬರೆಯಿರಿ. ಬರೆಯುವಾಗ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಭಾಗದ ಸಂಖ್ಯೆಯನ್ನು ಹೇಗೆ ಓದಬೇಕೆಂಬುದು ಅವಳಿಗೆ ಗೊತ್ತಿರುತ್ತದೆ.